ಬರ್ಲಿನ್: ಮನೆ ಎಲ್ಲೋ, ಶಾಲೆ ಅಲ್ಲೇ

ಮಗು ಜೊತೆ ಬರ್ಲಿನ್‌ಗೆ ಹೊರಟಿದ್ದೀರಾ? ಮನೆ, ಶಾಲೆ ಎರಡನ್ನೂ ಒಟ್ಟಿಗೇ ಹುಡುಕಿ. ಬೆಂಗಳೂರಿನ ಹಾಗೆ ಡೊನೇಷನ್, ಇಂಟರ್‌ವ್ಯೂ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿಲ್ಲ. ಫೀಸೂ ಇಲ್ಲ. ನೀವಿರುವ ಬೀದಿ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತೋ ಅಲ್ಲಿ ನಿಮ್ಮ ಮಗುವಿಗೆ ಆದ್ಯತೆ. ಬೇರೆ ಶಾಲೆ ಕೇಳಬಹುದು, ಆದ್ರೆ ಜಾಗ ಉಳಿದಿರಬೇಕು.

ನಮ್ಮ ತಲೆನೋವು ಭಾಷೆಯದ್ದು. ಇಂಟರ್‌ನ್ಯಾಷನಲ್ ಸ್ಕೂಲಲ್ಲಿ ಇಂಗ್ಲಿಷ್ ಸಿಗುತ್ತೆ. ಎರಡು ವರ್ಷಕ್ಕೆ ವಾಪಸ್ ಹೋಗೋರಿಗೆ ಅದೇ ಸರಿ. ನಾವು ಉಳಿಯೋರು. ಪಕ್ಕದ ಬೀದಿಯ ಜರ್ಮನ್ ಶಾಲೆಗೇ ಸೇರಿಸಿದೆವು.

ಮೊದಲ ದಿನ ಇಲ್ಲಿ ಹಬ್ಬ. ಪ್ರತಿ ಮಗುವಿನ ಕೈಯಲ್ಲೂ ಮಿಠಾಯಿ ತುಂಬಿದ ದೊಡ್ಡ ಕಾಗದದ ಕೋನ್, ‘ಶೂಲ್‌ಟ್ಯೂಟೆ’. ಆಮೇಲಿನ ಮೂರು ತಿಂಗಳು ಮಗಳು ಕ್ಲಾಸಲ್ಲಿ ಬಾಯೇ ಬಿಡಲಿಲ್ಲ. ನಮಗೆ ನಿದ್ದೆಯಿಲ್ಲ. “ಮನೆಯಲ್ಲಿ ಕನ್ನಡ ಬಿಡಬೇಡಿ, ಜರ್ಮನ್ ನಾವು ನೋಡ್ಕೋತೀವಿ” ಅಂದರು ಟೀಚರ್. ಈಗ ಬೇಕರಿಯಲ್ಲಿ ನನ್ನ ಜರ್ಮನ್ ತಿದ್ದೋದು ಅವಳೇ.

ಇನ್ನೊಂದು ಮಾತು. ಮ್ಯೂನಿಕ್‌ನಲ್ಲಿ ಪ್ರಾಥಮಿಕ ಶಾಲೆ 4 ವರ್ಷ, ನಂತರ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗ್ತಾರೆ. ಬರ್ಲಿನ್‌ನಲ್ಲಿ ಸಾಮಾನ್ಯವಾಗಿ 6 ವರ್ಷ. ಭಾಷೆಯನ್ನು ಸೊನ್ನೆಯಿಂದ ಕಲಿಯೋ ಮಗುವಿಗೆ ಆ ಎರಡು ವರ್ಷ ದೊಡ್ಡದು. ಎರಡೂ ಊರಲ್ಲಿ ಆಫರ್ ಇದ್ದರೆ ಸಂಬಳದ ಜೊತೆ ಇದನ್ನೂ ಲೆಕ್ಕಕ್ಕೆ ಹಿಡೀರಿ.