ಕೋವಿ ಇಲ್ಲದ ಮನೆಯ ಅಚ್ಚು

ನಮ್ಮ ಮನೆಗೆ ಬರುವವರು ಕಿಟಕಿಯ ಪಕ್ಕ ತೂಗುಹಾಕಿರುವ ಹಿತ್ತಾಳೆಯ ಸಾಮಾನೊಂದನ್ನು ಕಂಡು, "ಅಡಕತ್ತರಿ ಚೆನ್ನಾಗಿದೆ, ಹಳೇ ಕಾಲದ್ದೋ?" ಎಂದು ಕೇಳುವುದುಂಟು. "ಹೌದು" ಎಂದು ಹೇಳಿ ನಾನು ಮಾತು ಬದಲಿಸುತ್ತೇನೆ. ಆದರೆ ಅದು ಅಡಕತ್ತರಿಯಲ್ಲ. ಸೀಸ ಕರಗಿಸಿ ಕೋವಿಯ ಗುಂಡು ಎರೆಯುವ ಅಚ್ಚು. ತಮಾಷೆಯೆಂದರೆ ನಮ್ಮ ಮನೆಯಲ್ಲಿ ಕೋವಿ ಯಾವತ್ತೂ ಇರಲಿಲ್ಲ.

ಅದನ್ನು ಅಬ್ಬಾ ಕೊಂಡದ್ದು 1987ರ ಬೇಸಗೆಯಲ್ಲಿ, ಪುತ್ತೂರಿನ ಸೋಮವಾರದ ಸಂತೆಗೆ ಹೋದಾಗ. ನನಗಾಗ ಎಂಟು ವರ್ಷ. ಹಳೇ ಬೀಗ, ಒರಳುಕಲ್ಲು, ಮುರಿದ ಲಾಟೀನುಗಳ ನಡುವೆ ಅದು ಬಿದ್ದಿತ್ತು. ಕಡಬದ ಬಳಿ ನಮಗೆ ಒಂದೂವರೆ ಎಕರೆ ಅಡಿಕೆ ತೋಟವಿತ್ತು. ಕಡಬ ಈಗ ಬೇರೆಯೇ ತಾಲೂಕು, ಆಗ ಪುತ್ತೂರಿಗೆ ಸೇರಿತ್ತು. ಹಗಲು ಮಂಗಗಳು ಎಳೆ ಅಡಿಕೆ, ಸೀಯಾಳ ಉದುರಿಸುತ್ತಿದ್ದವು. ರಾತ್ರಿ ಹಂದಿಗಳು ಮರಗೆಣಸು ಅಗೆಯುತ್ತಿದ್ದವು. ಬೆಳೆ ರಕ್ಷಣೆಗೆ ಕೋವಿ ಬೇಕೆಂದು ಅಬ್ಬಾ ಅರ್ಜಿ ಕೊಟ್ಟಿದ್ದರು. ಅರ್ಜಿ ಕೊಟ್ಟ ಮೇಲೆ ಕೋವಿ ಬಂದ ಹಾಗೆಯೇ ಎಂಬುದು ಅವರ ನಂಬಿಕೆ.

ಅಚ್ಚು ಕಂಡ ಅಮ್ಮಿ ಹಣೆ ಚಚ್ಚಿಕೊಂಡಳು. ನಮ್ಮ ಕನ್ನಡದ ಮೇಷ್ಟ್ರು ಕಲಿಸಿದ್ದ "ಕೂಸು ಹುಟ್ಟುವ ಮುಂಚೆ ಕುಲಾವಿ" ಎಂಬ ಗಾದೆಯನ್ನು ನಾನು ಉರ್ದುವಿಗೆ ತಿರುಗಿಸಿ ಹೇಳಿ, ಅಬ್ಬಾನಿಂದ ಒಂದು ಏಟು ತಿಂದೆ. ಈಗ ಯೋಚಿಸಿದರೆ ಅವರನ್ನು ನಗುವ ಹಕ್ಕು ನನಗಿಲ್ಲ. ಕತೆ ಹೊಳೆಯುವ ಮೊದಲೇ ಹೊಸ ಪೆನ್ನು, ಹೊಸ ನೋಟ್‌ಬುಕ್ಕು ಕೊಳ್ಳುವ ಚಟ ನನಗೂ ಇದೆ.

ಕಾಯುವುದಕ್ಕಾಗದೆ ಒಂದು ಮಧ್ಯಾಹ್ನ ಅಬ್ಬಾ ಗುಂಡು ಎರೆದೇಬಿಟ್ಟರು. ಹಳೆಯ ಬೀಸುಬಲೆಯ ಸೀಸದ ಮಣಿಗಳನ್ನು ಕಬ್ಬಿಣದ ಸೌಟಿಗೆ ಹಾಕಿ ಒಲೆಯ ಮೇಲಿಟ್ಟರು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೌದೆ ಒಲೆಗೆ ಅದೇನೂ ಹೆಚ್ಚಲ್ಲ. ಅಚ್ಚು ತಣ್ಣಗಿದ್ದರೆ ಗುಂಡು ಸುಕ್ಕುಗಟ್ಟುತ್ತದೆಂದು ಮೊದಲು ಅದನ್ನೂ ಬಿಸಿ ಮಾಡಿದರು. ಗುಂಡು ಅಂಟಿಕೊಳ್ಳಬಾರದೆಂದು ಚಿಮಿಣಿ ದೀಪದ ಮಸಿ ಹಿಡಿಸಿದರು. ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಹಬೆಯಾಗಿ ಸಿಡಿದು ಮುಖ ಸುಡಬಹುದೆಂದು ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಸೀಸ ವಿಷವೆಂದು ಅಮ್ಮಿಗೆ ಯಾರು ಹೇಳಿದ್ದರೋ, ಆ ಸೌಟನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಮೂರು ಗುಂಡುಗಳು ಹುಟ್ಟಿದವು. ಉರ್ದುವಿನಲ್ಲಿ ಗುಂಡಿಗೂ ಮಾತ್ರೆಗೂ ಗೋಲಿ ಎಂದೇ ಹೆಸರು. ನನಗೆ ಅವು ಆಡುವ ಗೋಲಿಗಳಂತೆ ಕಂಡವು.

ಅಬ್ಬಾ ಅವನ್ನು ಪಕ್ಕದ ತೋಟದ ಗೌಡರಿಗೆ ತೋರಿಸಲು ಹೋದರು. ಗೌಡರಲ್ಲಿ ನಳಿಗೆಯ ಬಾಯಿಂದಲೇ ಮದ್ದು ತುಂಬುವ ಕೇಪಿನ ಕೋವಿಯಿತ್ತು. ನಮ್ಮ ಗುಂಡು ಅದರ ನಳಿಗೆಯೊಳಗೆ ಇಳಿಯಲೇ ಇಲ್ಲ. ಗೌಡರು ನಕ್ಕು, "ಸಾಹೇಬ್ರೆ, ಕೋವಿಗೆ ತಕ್ಕ ಅಚ್ಚು ಮಾಡಿಸುವುದು ಕ್ರಮ. ನೀವು ಅಚ್ಚಿಗೆ ತಕ್ಕ ಕೋವಿ ಹುಡುಕಬೇಕಲ್ಲ" ಎಂದರು. ಅಬ್ಬಾ ಸೋಲಲಿಲ್ಲ. "12 ಬೋರ್ ಅಂದರೆ ಏನು? ಒಂದು ಪೌಂಡು ಸೀಸದಲ್ಲಿ ಒಂದೇ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಹಿಡಿಸುವಷ್ಟು ನಳಿಗೆ. ಕೋವಿಗೆ ಹೆಸರಿಟ್ಟದ್ದೇ ಗುಂಡು. ಹಾಗಾದರೆ ಯಾವುದು ಮೊದಲು?" ಎಂದು ಕೇಳಿದರು. ಲೆಕ್ಕ ಸರಿಯೇ. ಒಂದು ಪೌಂಡೆಂದರೆ 454 ಗ್ರಾಂ, ಅಂಥ ಒಂದು ಗುಂಡು ಸುಮಾರು 38 ಗ್ರಾಂ ತೂಗುತ್ತದೆ.

ಆದರೆ ಕಾನೂನಿಗೆ ಗುಂಡೂ ಮೊದಲಲ್ಲ, ಕೋವಿಯೂ ಮೊದಲಲ್ಲ. ಕಾಗದ ಮೊದಲು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದವನು ಕೋವಿಯನ್ನಷ್ಟೇ ಅಲ್ಲ, ಮದ್ದುಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಬೆಳೆ ಕಾಯಲು ಬಾಯಿಂದ ತುಂಬುವ ಕೋವಿಗೆ ಅದೇ ಕಾಯ್ದೆಯಲ್ಲಿ ಅವಕಾಶವೂ ಇದೆ. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಘಾಟಿಯ ಕೆಳಗಿನ ನಮಗೆ ಅದಿಲ್ಲ. 1837ರಲ್ಲಿ ಸುಳ್ಯದ ಕಡೆಯ ರೈತರು ದಂಡು ಕಟ್ಟಿ ಮಂಗಳೂರಿಗೆ ನುಗ್ಗಿ ಸುಮಾರು ಎರಡು ವಾರ ಅದನ್ನು ಹಿಡಿದಿಟ್ಟುಕೊಂಡಿದ್ದರು. ಜನರ ಕೈಯಲ್ಲಿರುವ ಕೋವಿಯನ್ನು ಕಂಡರೆ ಸರಕಾರಗಳಿಗೆ ಅಂಜಿಕೆ ಯಾಕೆ ಎಂಬುದು ನಮ್ಮ ಊರಿಗೆ ಹೊಸ ಪಾಠವೇನಲ್ಲ.

ಅಬ್ಬಾನ ಅರ್ಜಿ ಮೇಜಿಂದ ಮೇಜಿಗೆ ಅಲೆಯಿತು. ಮೂರು ವರ್ಷದ ನಂತರ "ಅಗತ್ಯ ಕಂಡುಬರುವುದಿಲ್ಲ" ಎಂಬ ಉತ್ತರ ಬಂತು. ನಮಗಿಂತ ಚಿಕ್ಕ ತೋಟದವರಿಗೆ ಕೊಟ್ಟಿದ್ದರಲ್ಲ ಎಂದು ಅಮ್ಮಿ ಕೇಳಿದಳು. ಅಬ್ಬಾ ಏನೂ ಹೇಳಲಿಲ್ಲ. ಹೆಸರು ನೋಡಿ ಹಾಗೆ ಬರೆದರೋ, ನಿಜಕ್ಕೂ ಅಗತ್ಯ ಕಾಣಲಿಲ್ಲವೋ, ಆ ಕಾಗದದಿಂದ ತಿಳಿಯುವಂತಿರಲಿಲ್ಲ. ತಿಳಿಯದಿರುವುದೇ ಹೆಚ್ಚು ನೋಯಿಸುತ್ತದೆ.

ಬಂದದ್ದು 1992ರ ಡಿಸೆಂಬರ್. ನನಗಾಗ ಹದಿಮೂರು. ಒಂದು ರಾತ್ರಿ ಅಬ್ಬಾ ಅಟ್ಟದಿಂದ ಅಚ್ಚನ್ನು ಇಳಿಸಿ ತುಂಬಾ ಹೊತ್ತು ನೋಡುತ್ತಾ ಕುಳಿತರು. ಯಾರಾದರೂ ಮನೆ ಶೋಧಿಸಿದರೆ? ಕೋವಿಯಿಲ್ಲದ ಮನೆಯಲ್ಲಿ ಗುಂಡಿನ ಅಚ್ಚು ಯಾಕೆ ಎಂದು ಕೇಳಿದರೆ? ಮಂಗ, ಹಂದಿ ಎಂದರೆ ನಂಬುವವರು ಯಾರು? ಮೂರು ಗುಂಡುಗಳು ಆ ರಾತ್ರಿಯೇ ಕುಮಾರಧಾರೆಯ ಪಾಲಾದವು. ಅಚ್ಚನ್ನು ಎಸೆಯಲು ಅಬ್ಬಾನಿಗೆ ಮನಸ್ಸು ಬರಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಗೌಡರ ಮನೆಗೆ ಹೋದರು, ಟಾರ್ಚು ಹಿಡಿದುಕೊಂಡು ನಾನೂ ಹೋದೆ. ಗೌಡರು ಏನನ್ನೂ ಕೇಳಲಿಲ್ಲ. ಜಗಲಿಯಲ್ಲಿ ಎಲೆತಟ್ಟೆಯ ಮೇಲೆ ಎರಡು ಅಡಕತ್ತರಿಗಳು ತೂಗುತ್ತಿದ್ದವು. ಅವುಗಳ ಪಕ್ಕದ ಮೊಳೆಗೆ ಇದನ್ನೂ ಸಿಕ್ಕಿಸಿ, "ಇಲ್ಲಿ ಇರಲಿ. ನಮ್ಮಲ್ಲಿ ಕೋವಿ ಉಂಟಲ್ಲ, ಯಾರೂ ಕೇಳುವುದಿಲ್ಲ" ಎಂದರು.

ವಾಪಸು ಬರುವಾಗ ಅಬ್ಬಾ ಒಂದೇ ಮಾತು ಹೇಳಿದರು: "ಅವರ ಮನೆಯಲ್ಲಿ ಅದು ಸಾಮಾನು, ನಮ್ಮ ಮನೆಯಲ್ಲಿ ಸಾಕ್ಷಿ."

ಗೌಡರ ಉಪಕಾರ ದೊಡ್ಡದು. ಆದರೆ ಅಂಥ ಉಪಕಾರದ ಅಗತ್ಯ ಬಿದ್ದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಒಳ್ಳೆಯ ನೆರೆಯವರಿದ್ದಾರೆಂದು ಸಮಾಧಾನಪಡುವುದು ಸುಲಭ. ನೆರೆಯವರ ಮೊಳೆಯಿಲ್ಲದೆ ನಮ್ಮ ಸಾಮಾನು ನಮ್ಮಲ್ಲೇ ಉಳಿಯುವಂತಾಗಬೇಕಲ್ಲವೇ?

ಅಬ್ಬಾ 2009ರಲ್ಲಿ ತೀರಿಕೊಂಡರು. ಹಂದಿಗಳು ಈಗಲೂ ಬರುತ್ತವೆ. 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿಯಿಲ್ಲದೆ ಅವನ್ನು ಕೊಲ್ಲುವಂತಿಲ್ಲ. ಕೋವಿಯಿದ್ದವರೂ ಹೆಚ್ಚಾಗಿ ಸದ್ದು ಮಾಡಿ ಓಡಿಸುವವರೇ. ಚುನಾವಣೆ ಬಂದರೆ ಕೋವಿ ಠಾಣೆಗೆ ಹೋಗುತ್ತದೆ, ತೋಟ ಮಂಗಗಳಿಗೆ. ನವೀಕರಣಕ್ಕೆ ಅಲೆದು ಸಾಕಾಗಿ ಗೌಡರು ಕೆಲವು ವರ್ಷಗಳ ಹಿಂದೆ ಕೋವಿಯನ್ನು ಒಪ್ಪಿಸಿಬಿಟ್ಟರು. ಮರುವಾರ ಕೋಲೂರಿಕೊಂಡು ನಮ್ಮ ಮನೆಗೆ ಬಂದು ಅಚ್ಚನ್ನು ನನ್ನ ಕೈಗಿತ್ತರು. "ನನ್ನಲ್ಲೂ ಕೋವಿ ಇಲ್ಲ ಈಗ. ನಿಮ್ಮದು ನಿಮಗೇ ಇರಲಿ" ಎಂದರು.

ಅದನ್ನು ಅಟ್ಟಕ್ಕೆ ಹಾಕದೆ ಎಲ್ಲರಿಗೂ ಕಾಣುವಂತೆ ತೂಗುಹಾಕಿದೆ. ಅಷ್ಟು ಧೈರ್ಯ ಬಂತು. ಆದರೆ ಅಡಕತ್ತರಿಯೋ ಎಂದು ಕೇಳಿದವರಿಗೆ ಹೌದು ಎನ್ನುತ್ತಲೇ ಬಂದೆ. ಅಬ್ಬಾನ ಆ ರಾತ್ರಿಯ ಅಂಜಿಕೆ ನನ್ನೊಳಗೂ ಅಷ್ಟು ಉಳಿದಿದೆಯೆಂದು ಇದನ್ನು ಬರೆಯುವಾಗಲೇ ಗೊತ್ತಾಯಿತು.

ಇನ್ನು ಮುಂದೆ ಆ ಸುಳ್ಳು ನಡೆಯುವುದಿಲ್ಲ. ನೀವು ಓದಿಬಿಟ್ಟಿದ್ದೀರಿ.