ಮನೆತನದ ಗುಟ್ಟು

ಕಲಬುರಗಿಯಲ್ಲಿ ನೆಲೆಸಿದ ನಿವೃತ್ತ ಉಪಾಧ್ಯಾಯರೊಬ್ಬರು ಪ್ರತಿ ಭಾನುವಾರ ಹುಮನಾಬಾದಿನ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿಯುವರು. ಅವರ ವೃದ್ಧ ತಾಯಿ ಇರುವುದು ಅಲ್ಲಿ, ತಂಗಿಯ ಮನೆಯಲ್ಲಿ. ಆ ಊರು ಕೆಂಪು ಬಾಳೆಗೆ ಹೆಸರಾದದ್ದು. ಗೊನೆಯ ಬಣ್ಣ ನೋಡಿಯೇ ಹಣ್ಣಾಗುವ ದಿನವನ್ನು ಹೇಳುತ್ತಿದ್ದ ಆ ತಾಯಿ, ಈಗ ಹಣ್ಣನ್ನು ಕೈಯಲ್ಲಿ ಹಿಡಿದು, ಇದನ್ನೇನು ಮಾಡುವುದೆಂಬಂತೆ ನೋಡುತ್ತಾರೆ. ಮಗನನ್ನು ಕಂಡರೆ, "ಯಾರ ಪೈಕಿಯವರ್ರಿ ನೀವು?" ಎನ್ನುತ್ತಾರೆ. ಮಗನಿಗೆ ಬಹುವಚನ! ಉಪಾಧ್ಯಾಯರ ಎದೆಗೆ ನಾಟಿದ್ದು ಆ ಮರೆವಲ್ಲ, ಆ ಮರ್ಯಾದೆ.

ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗಳು ದೀಪಾವಳಿಗೆ ಬಂದಾಗ ಒಂದು ಒಪ್ಪಿಗೆಪತ್ರವನ್ನು ತಂದಳು. ಆಲ್ಝೈಮರ್ ಬೇನೆಯ ಸಂಶೋಧನೆಗೆಂದು ಒಂದಿಷ್ಟು ರಕ್ತ ಕೊಡುವುದು; ಅದರಿಂದ ತಿಳಿದುಬಂದ ವಂಶವಾಹಿಗಳ ವಿವರವನ್ನು ಬೇರೆ ಸಂಶೋಧಕರೊಡನೆ ಹಂಚಿಕೊಳ್ಳಲು ಅನುಮತಿ ನೀಡುವುದು. ಹೆಸರಿನ ಬದಲು ಸಂಖ್ಯೆ ಇರುವುದಂತೆ. ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣು. ಮೂರು ಸಲ ಓದಿದರು.

"ರಕ್ತ ನಂದು, ಖರೆ. ಅದರೊಳಗಿನ ಸುದ್ದಿ ಯಾರ್ದು, ತಾಯಿ?"

ಹುರುಳಿಲ್ಲದ ಪ್ರಶ್ನೆಯಲ್ಲ. ಈ ಬೇನೆಯೊಡನೆ ನಂಟಿರುವುದಾಗಿ 1993ರಲ್ಲಿ ಕಂಡುಬಂದ ಎಪಿಒಇ ಎಂಬ ವಂಶವಾಹಿ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿಯಾಗಿ ಬರುತ್ತದೆ. ಅದರ ಇ4 ಎಂಬ ಬಗೆ ಬಂದವರಿಗೆ ಅಪಾಯ ಹೆಚ್ಚು. ಹಾಗೆಂದು ಬೇನೆ ಬಂದೇ ತೀರಬೇಕೆಂದಿಲ್ಲ, ಅದಿಲ್ಲದವರಿಗೂ ಬರುವುದುಂಟು. ಆದರೆ ಒಬ್ಬರ ರಕ್ತವನ್ನು ಓದಿದರೆ ಒಡಹುಟ್ಟಿದವರದನ್ನೂ ಮಕ್ಕಳದನ್ನೂ ಅರೆಬರೆಯಾಗಿ ಓದಿದಂತೆಯೇ ಸರಿ. ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್, 2007ರಲ್ಲಿ ತಮ್ಮ ವಂಶವಾಹಿಗಳ ವಿವರವೆಲ್ಲ ಪ್ರಕಟವಾಗಲೆಂದು ಒಪ್ಪಿ, ಈ ಒಂದನ್ನು ಮಾತ್ರ ಮುಚ್ಚಿಡಿಸಿದರು. ಅವರ ಅಜ್ಜಿಗೂ ಇದೇ ಬೇನೆಯಿತ್ತು. ಅಂಥವರೇ ಅಳುಕಿದ ಮೇಲೆ ಕಮಲಾಪುರದವರು ಅಳುಕಿದರೆ ತಪ್ಪೇನು?

ಮಗಳ ವಾದವೂ ಗಟ್ಟಿಯಾದದ್ದೇ. ಇದುವರೆಗಿನ ಲೆಕ್ಕಾಚಾರ ಬಹುಮಟ್ಟಿಗೆ ಯೂರೋಪಿನ ಮೂಲದವರ ರಕ್ತದಿಂದ ಬಂದದ್ದು. ನಮ್ಮಲ್ಲಿ ಅಪಾಯ ಅಷ್ಟೇ ಉಂಟೋ ಇಲ್ಲವೋ ಎಂಬುದನ್ನು ನಮ್ಮ ರಕ್ತವೇ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷವರ್ಷವೂ ಕಂಡು ಪರೀಕ್ಷಿಸುವ ಕೆಲಸ ಹಿಡಿದಿದೆ. ಅದೇ ಕೇಂದ್ರದ ಮುಂದಾಳುತನದಲ್ಲಿ ಕಲೆಹಾಕಿದ 10,000 ಭಾರತೀಯರ ವಿವರಗಳು ಫರೀದಾಬಾದಿನ ಭಂಡಾರ ಸೇರಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದವು.

ಮುಂದಿನ ಭಾನುವಾರ ಉಪಾಧ್ಯಾಯರು ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಕಮಲಾಪುರಕ್ಕೆ ಹೋದರು. ತಂಗಿ ಎಲ್ಲವನ್ನೂ ಕೇಳಿ, ಒಳಗಿದ್ದ ಮಗಳ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದರು.

"ಅಣ್ಣಾ, ಅವ್ವಗ ಏನಾಗ್ಯಾದ ಅಂತ ಊರಿಗೇ ಗೊತ್ತದ. ನನ್ನ ಮಗಳ ಲಗ್ನ ಒಂದು ಆಗ್ಲಿ. ಆಮ್ಯಾಗ ನನ್ನ ರಕ್ತಾನೂ ತಗೋರಿ ಅನ್ನು."

ಸಂಬಂಧ ನೋಡಲು ಬರುವವರು ಮನೆತನದ ಜೊತೆಗೆ ಬೇನೆಯನ್ನೂ ವಿಚಾರಿಸುವ ಕಾಲ! ಉಪಾಧ್ಯಾಯರು ಮರುಮಾತಾಡದೆ ಪತ್ರವನ್ನು ಮಡಚಿ ಜೇಬಿಗೆ ಸೇರಿಸಿದರು.

ಹೊರಡುವ ಹೊತ್ತಿಗೆ ತಾಯಿ ಚಿಪ್ಪಿನಿಂದ ಎರಡು ಹಣ್ಣು ಕಿತ್ತು ಅವರ ಕೈಗಿಟ್ಟರು.

"ದೂರದಿಂದ ಬಂದೀರಿ, ತಿನ್ರಿ."