ರೈಟ್, ಪೋಯಿ!

ಕಾರ್ಕಳದ ಗೊಮ್ಮಟ ಬೆಟ್ಟದ ಮೇಲೆ ನಿಂತದ್ದು 1432ರಲ್ಲಿ. ಮೊನ್ನೆ ಅಲ್ಲಿ ಹುಡುಗನೊಬ್ಬ ಹೊರನಾಡಿನ ಪ್ರವಾಸಿಗರಿಗೆ ‘ಫಾರ್ಟಿಟೂ ಫೀಟ್ ಸ್ಟ್ಯಾಚ್ಯೂ’ ಎಂದು ಧೈರ್ಯವಾಗಿ ವಿವರಿಸುತ್ತಿದ್ದ. ಎತ್ತರವನ್ನಷ್ಟೇ ಹೇಳುವಾಗ ‘ಫೀಟ್’ ಸರಿ. ಆ ಅಳತೆ ಮೂರ್ತಿಗೆ ವಿಶೇಷಣವಾದರೆ ‘ಫಾರ್ಟಿಟೂ ಫುಟ್ ಸ್ಟ್ಯಾಚ್ಯೂ’ ಎನ್ನಬೇಕು. ಕನ್ನಡದಲ್ಲಿ ನಾವೂ ‘42 ಅಡಿಯ ಮೂರ್ತಿ’ ಎನ್ನುತ್ತೇವೆಯೇ ಹೊರತು ‘42 ಅಡಿಗಳ ಮೂರ್ತಿ’ ಎಂದು ಎಷ್ಟು ಜನ ಹೇಳುತ್ತಾರೆ? ಮನೆಯ ವ್ಯಾಕರಣವನ್ನು ನೆನಪಿಸಿದರೆ ಅರ್ಧ ಪಾಠ ಮುಗಿದಂತೆ.

ನಾನು ವಿಜ್ಞಾನದ ಮೇಷ್ಟ್ರು. ಇಂಗ್ಲಿಷ್ ನನ್ನ ಪೀರಿಯಡ್ ಅಲ್ಲ. ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ. ಸರಕಾರಿ ಶಾಲೆಗಳಿಗೆ ಒಂದನೆಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ.

ಬೈಲೂರು, ಹಿರಿಯಡಕ, ಪರ್ಕಳ ದಾಟಿ ಬಸ್ಸು ಮಣಿಪಾಲಕ್ಕೆ ಏರುತ್ತದೆ. ದಾರಿಯುದ್ದ ಕಂಡಕ್ಟರನ ‘ಹೋಲ್ಡಾನ್’, ‘ರೈಟ್ ಪೋಯಿ’. ಒಂದು ಇಂಗ್ಲಿಷು, ಇನ್ನೊಂದು ಅರ್ಧ ತುಳು. ‘ಪೋಯಿ’ ಎಂದರೆ ಹೋಗೋಣ. ‘ಹೋಲ್ಡ್ ಆನ್’ ಎಂಬ ಜೋಡಿಪದವನ್ನು ನಮ್ಮೂರಿಗೆ ಕಲಿಸಿದ್ದು ಯಾವ ವ್ಯಾಕರಣ ಪುಸ್ತಕವೂ ಅಲ್ಲ.

ಎಲ್ಲ ಜೋಡಿಪದಗಳೂ ಇಷ್ಟು ಸಾಧುವಲ್ಲ. ಟೈಗರ್ ಸರ್ಕಲ್ ಬಳಿ ಪಿಯುಸಿ ಓದುವ ಹುಡುಗನೊಬ್ಬ ತಾಯಿಯ ಎಕ್ಸ್‌ರೇ ವರದಿ ಹಿಡಿದು ಪೆಚ್ಚಾಗಿ ನಿಂತಿದ್ದ. ‘ಫ್ರ್ಯಾಕ್ಚರ್ ರೂಲ್ಡ್ ಔಟ್’ ಎಂದಿತ್ತು. ರೂಲ್ ಎಂದರೆ ನಿಯಮ, ಔಟ್ ಎಂದರೆ ಹೊರಗೆ. ನಿಯಮ ಮೀರಿ ಮುರಿದಿದೆ ಎಂದು ಅವನ ಲೆಕ್ಕ. ಪಕ್ಕದಲ್ಲಿ ತಾಯಿ ಕೈಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. “ಮೂಳೆ ಮುರಿದಿಲ್ಲ ಅಮ್ಮಾ, ಆ ಸಂಶಯವೇ ಬೇಡ ಅಂತ ಬರೆದದ್ದು” ಎಂದೆ. ಆಕೆ ಮಗನ ಮುಖ ನೋಡಿದರು. ಎರಡೂ ಪದ ಗೊತ್ತಿದ್ದ ಹುಡುಗನಿಗೆ ಜೋಡಿ ಗೊತ್ತಿರಲಿಲ್ಲ, ಅಷ್ಟೆ. 1953ರಲ್ಲಿ ವೈದ್ಯಕೀಯ ಕಾಲೇಜು ಬಂದ ಗುಡ್ಡದ ಮೇಲೆ ಇಂಗ್ಲಿಷಿಗೇನೂ ಬರವಿಲ್ಲ. ಆದರೆ ಬೇಕಾದವರಿಗೆ ಬೇಕಾದ ಹೊತ್ತಿಗೆ ಸಿಗಬೇಕಲ್ಲ!

ಉಡುಪಿಗೆ ಇಳಿದರೆ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಉಂಟು. 1988ರಿಂದ 1997ರ ಒಳಗೆ ಬಂದ ಆರು ಸಂಪುಟಗಳು. ತುಳು ಪದಕ್ಕೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಥ. ಇಂಗ್ಲಿಷ್ ಮೇಷ್ಟ್ರುಗಳು ಇದನ್ನು ತಿರುವಿ ನೋಡಬೇಕು. ತುಳುವಿನಲ್ಲಿ ‘ಬತ್ತೆ’ ಎಂದರೆ ಬಂದ, ‘ಬೈದೆ’ ಎಂದರೆ ಬಂದಿದ್ದಾನೆ. ‘ಕೇಮ್’, ‘ಹ್ಯಾಸ್ ಕಮ್’ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಕನ್ನಡದಲ್ಲಿ ‘ನಿನ್ನೆ ಬಂದಿದ್ದಾನೆ’ ನಡೆಯುತ್ತದೆ, ಇಂಗ್ಲಿಷಿನಲ್ಲಿ ನಿನ್ನೆ ಎಂದೊಡನೆ ‘ಹ್ಯಾಸ್’ ಬೀಳುತ್ತದೆ; ಎಚ್ಚರ ಬೇಕಾದದ್ದು ಅಲ್ಲಿ. ಇನ್ನು ‘ವಿ’ ಎಂಬ ಪದ. ಕೇಳುವವನೂ ಸೇರಿದರೆ ತುಳುವಿನಲ್ಲಿ ‘ನಮ’, ಅವನನ್ನು ಬಿಟ್ಟರೆ ‘ಎಂಕುಲು’. ಇಂಗ್ಲಿಷಿನವನು “ನಾವು ಮಲ್ಪೆಗೆ ಹೋಗುತ್ತೇವೆ” ಎಂದರೆ ನಾವೂ ಹೊರಡಬೇಕೋ ಬೇಡವೋ, ಅವನ ಮುಖ ನೋಡಿಯೇ ತಿಳಿಯಬೇಕು.

ಕಾಪುವನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯಿಂದಾಗಿ ಹೊರಗಿನವರು ‘ಕೌಪ್’ ಎಂದು ಓದುತ್ತಾರೆ. 1901ರ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿ ಸಿಕ್ಕಿದಳು. ನರ್ಸಿಂಗ್ ಮುಗಿಸಿದ್ದಾಳೆ, ವಿದೇಶದ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಕಟ್ಟಿದ್ದಾಳೆ. ಮೀನುಗಾರನ ಮಗಳು.

“ಸರ್, ‘ಮೈ ಫಾದರ್ ಈಸ್ ಅಟ್ ಸೀ’ ಅಂತ ಬರೆದರೆ ತಪ್ಪಾಗ್ತದಾ? ಪುಸ್ತಕದಲ್ಲಿ ‘ಅಟ್ ಸೀ’ ಅಂದ್ರೆ ದಿಕ್ಕು ತೋಚದವನು ಅಂತ ಉಂಟು.”

“ಎರಡು ಅರ್ಥವೂ ಉಂಟು. ಬೋಟಿನ ವಿಷಯ ಮುಂದೆ ಬರೆ, ಆಗ ಗೊಂದಲವಿಲ್ಲ.”

“ಮತ್ತೆ ಮೀನುಗಾರಿಕೆ ನಿಷೇಧದ ಜೂನ್, ಜುಲೈಯಲ್ಲಿ?”

“ಅಟ್ ಹೋಮ್!” ಎಂದು ಉತ್ತರವನ್ನೂ ತಾನೇ ಹೇಳಿ ನಕ್ಕಳು.